ಕೆಲಸ ಮಾಡಿದ್ದು ನಾನು, ಹೇಳಿದ್ದು ಇನ್ನೊಬ್ಬರು: ಮೀಟಿಂಗ್‌ನಲ್ಲಿ ಬಾಯಿ ಬಿಡೋದು ಹೇಗೆ?

ಬ್ಯಾಡಗಿ_ಕೆಂಪು

ಎಲ್ಲರಿಗೂ ನಮಸ್ಕಾರ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು ಅಂತ ತೋಚದೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನಾನು ಬ್ಯಾಡಗಿ ತಾಲ್ಲೂಕಿನವನು. ಹತ್ತನೇ ತರಗತಿವರೆಗೆ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಆಮೇಲೆ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರಿದೆ. ಈಗ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಏಳನೇ ವರ್ಷ. ಕೆಲಸದ ವಿಷಯದಲ್ಲಿ ಇವತ್ತಿನವರೆಗೆ ಯಾರೂ ನನ್ನ ಮೇಲೆ ದೂರು ಹೇಳಿಲ್ಲ.

ಫೆಬ್ರವರಿಯಲ್ಲಿ ಒಂದು ರಾತ್ರಿ ನಮ್ಮ ಅಪ್ಲಿಕೇಶನ್ ನಿಂತುಹೋಯಿತು. ಹನ್ನೊಂದೂವರೆಗೆ ಫೋನ್ ಬಂತು. ಎರಡು ಗಂಟೆ ಹೊತ್ತಿಗೆ ಕಾರಣ ಸಿಕ್ಕಿತು. ರಾತ್ರಿ ಓಡುವ ಒಂದು ಬ್ಯಾಚ್ ಜಾಬ್ ಡೇಟಾಬೇಸ್ ಕನೆಕ್ಷನ್ ತೆಗೆದುಕೊಳ್ಳುತ್ತಿತ್ತು, ಆದರೆ ಎರರ್ ಬಂದಾಗ ವಾಪಸ್ ಬಿಡುತ್ತಿರಲಿಲ್ಲ. ನೂರು ಕನೆಕ್ಷನ್ ಇದ್ದ ಪೂಲ್ ಪೂರ್ತಿ ಖಾಲಿ. ಸರಿಮಾಡಿ, ಟೆಸ್ಟ್ ಮಾಡಿ, ಮಲಗಿದಾಗ ನಾಲ್ಕೂಕಾಲು.

ಬೆಳಿಗ್ಗೆ ಹತ್ತಕ್ಕೆ ಕ್ಲೈಂಟ್ ಕಾಲ್. ಏನಾಗಿತ್ತು ಅಂತ ಕೇಳಿದರು. ನಾನು ಅನ್‌ಮ್ಯೂಟ್ ಮಾಡಿದೆ. ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಎರಡು ಸೆಕೆಂಡ್ ಆಗಿರಬಹುದು, ಅಷ್ಟೇ. ಟೀಮಿನ ಇನ್ನೊಬ್ಬ ಶುರು ಮಾಡಿಬಿಟ್ಟ. ರಾತ್ರಿ ಎರಡೂವರೆಗೆ ನಾನು ಗ್ರೂಪಿಗೆ ಹಾಕಿದ್ದ ಮೆಸೇಜನ್ನೇ ಚೆಂದದ ಇಂಗ್ಲಿಷ್‌ನಲ್ಲಿ ಹೇಳಿದ. ಕ್ಲೈಂಟ್ ಅವನಿಗೆ ಥ್ಯಾಂಕ್ಸ್ ಹೇಳಿದರು. ನಾನು ಮತ್ತೆ ಮ್ಯೂಟ್ ಮಾಡಿಕೊಂಡೆ.

ಏಪ್ರಿಲ್‌ನಲ್ಲಿ ಅಪ್ರೈಸಲ್ ಬಂತು. ನನ್ನ ಹೆಸರಿನ ಮುಂದೆ ಬರೆದಿದ್ದು: ಟೆಕ್ನಿಕಲಿ ಸ್ಟ್ರಾಂಗ್, ಕಮ್ಯುನಿಕೇಶನ್ ಸುಧಾರಿಸಬೇಕು. ಅವನು ಲೀಡ್ ಆದ.

ಇನ್ನೊಂದು ಮಾತು. ನಮ್ಮ ಟೀಮಿನಲ್ಲಿ ಮೀಟಿಂಗ್ ಇಂಗ್ಲಿಷ್‌ನಲ್ಲಿ ಶುರುವಾಗಿ ಹತ್ತು ನಿಮಿಷಕ್ಕೆ ಹಿಂದಿಗೆ ಜಾರುತ್ತದೆ. ನನಗೆ ಹಿಂದಿ ಅಷ್ಟಕ್ಕಷ್ಟೆ. ಸರಿ, ಚಹಾಕ್ಕೆ ಹೋದಾಗಲಾದರೂ ಕನ್ನಡದವರ ಜೊತೆ ಮಾತಾಡೋಣ ಅಂದರೆ, ಅವರು ನನ್ನ "ಹೌದ್ರೀ", "ಬರ್ರೀ" ಹಿಡಿದು ಆಡಿಕೊಳ್ಳುತ್ತಾರೆ. ತಮಾಷೆಗೇ ಇರಬಹುದು. ಆದರೆ ಈಗ ನಾನು ಅಲ್ಲೂ ಮಾತಾಡುವುದು ಕಡಿಮೆ ಮಾಡಿದ್ದೇನೆ.

ಇಂಗ್ಲಿಷ್ ಕ್ಲಾಸಿಗೆ ಸೇರಲಾ? ಕಂಪನಿ ಬದಲಿಸಲಾ? ಮ್ಯಾನೇಜರ್‌ಗೆ ನೇರವಾಗಿ ಹೇಳಲಾ? ಈ ದಾರಿಯಲ್ಲಿ ನಡೆದು ಬಂದವರು ಹೇಳಿ.

ಜಯನಗರ_4ನೇ_ಬ್ಲಾಕ್

ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಏಳು ವರ್ಷ ಆಯ್ತು. ಇಂಗ್ಲಿಷ್ ಈ ಕೆಲಸದ ಒಂದು ಭಾಗ, ಕೋಡ್ ಬರೆಯೋದು ಎಷ್ಟೋ ಅಷ್ಟೇ. ಅವನು ನಿಮ್ಮ ಕೆಲಸ ಕದ್ದ ಅಂತ ನನಗೆ ಅನ್ನಿಸಲಿಲ್ಲ. ಕ್ಲೈಂಟ್ ಕಾಯುತ್ತಿದ್ದರು, ಯಾರೋ ಒಬ್ಬರು ಉತ್ತರ ಕೊಡಲೇಬೇಕಿತ್ತು. ದಿನಾ ಒಂದು ಗಂಟೆ ಓದಿ, ಜೋರಾಗಿ ಮಾತಾಡಿ ಅಭ್ಯಾಸ ಮಾಡಿ. ಆರು ತಿಂಗಳಲ್ಲಿ ಸರಿಹೋಗುತ್ತದೆ.

ಎರಡು_ಜಡೆ

ಜಯನಗರದವರೇ, ಉತ್ತರ ಕೊಟ್ಟಿದ್ದು ತಪ್ಪಲ್ಲ. "ಇದನ್ನು ರಾತ್ರಿ ಇವರು ಕಂಡುಹಿಡಿದರು" ಅನ್ನುವ ಒಂದು ವಾಕ್ಯ ಬಿಟ್ಟಿದ್ದು ತಪ್ಪು. ಅದಕ್ಕೆ ಮೂರು ಸೆಕೆಂಡ್ ಸಾಕಿತ್ತು.

ಕಾಫಿತೋಟ

ಹದಿನಾಲ್ಕು ವರ್ಷದಿಂದ ಈ ಕ್ಷೇತ್ರದಲ್ಲಿದ್ದೇನೆ, ಆರು ವರ್ಷದಿಂದ ಮ್ಯಾನೇಜರ್. ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ಯಾಕಂದ್ರೆ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ರೇಟಿಂಗ್ ಅನ್ನೋದು ನಿಮ್ಮ ಮ್ಯಾನೇಜರ್ ಒಬ್ಬರೇ ಕೂತು ಹಾಕುವುದಲ್ಲ. ಹೆಚ್ಚಿನ ಕಂಪನಿಗಳಲ್ಲಿ ಕ್ಯಾಲಿಬ್ರೇಶನ್ ಅಂತ ಒಂದು ಮೀಟಿಂಗ್ ಇರುತ್ತದೆ. ಏಳೆಂಟು ಮ್ಯಾನೇಜರ್‌ಗಳು ಕೂರುತ್ತೇವೆ. ಅರವತ್ತು ಹೆಸರು ಇರುತ್ತವೆ. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ. ನಿಮ್ಮ ಹೆಸರು ಬಂದಾಗ ನಿಮ್ಮ ಮ್ಯಾನೇಜರ್ ಬಾಯಲ್ಲಿ ಎರಡು ವಾಕ್ಯ ರೆಡಿ ಇರಬೇಕು. "ಫೆಬ್ರವರಿಯಲ್ಲಿ ಸಿಸ್ಟಮ್ ನಿಂತಾಗ ಎರಡೂವರೆ ಗಂಟೆಯಲ್ಲಿ ಕಾರಣ ಹಿಡಿದವರು ಇವರು" ಅಂತ ಅವರು ಹೇಳಿದರೆ ಬೇರೆ ಮ್ಯಾನೇಜರ್‌ಗಳು ತಲೆಯಾಡಿಸುತ್ತಾರೆ. "ಒಳ್ಳೇ ಹುಡುಗ, ಕಷ್ಟಪಡ್ತಾನೆ" ಅಂದರೆ ಮುಂದಿನ ಹೆಸರಿಗೆ ಹೋಗುತ್ತೇವೆ. ಬೇಜಾರಿನ ಸಂಗತಿ, ಆದರೆ ನಡೆಯುವುದು ಹೀಗೇ.

ಆ ಎರಡು ವಾಕ್ಯವನ್ನು ನಿಮ್ಮ ಮ್ಯಾನೇಜರ್‌ಗೆ ನೀವೇ ಕೊಡಬೇಕು. ಪ್ರತಿ ಶುಕ್ರವಾರ ಐದು ಸಾಲಿನ ಒಂದು ಮೇಲ್ ಹಾಕಿ. ಈ ವಾರ ಏನು ಮಾಡಿದೆ, ಅದರಿಂದ ಏನು ಬದಲಾಯಿತು, ಎಲ್ಲಿ ಸಿಕ್ಕಿಕೊಂಡಿದ್ದೇನೆ. ಮಾತಾಡಲು ಎರಡು ಸೆಕೆಂಡ್ ಬೇಕು ಅಂದಿರಲ್ಲ, ಬರೆಯುವಾಗ ಎರಡು ಗಂಟೆ ತಗೊಂಡರೂ ಯಾರೂ ಕೇಳುವುದಿಲ್ಲ.

ಇನ್ನು "ಕಮ್ಯುನಿಕೇಶನ್ ಸುಧಾರಿಸಬೇಕು" ಅಂತ ಬರೆದು ಬಿಟ್ಟುಬಿಡುವುದು ಮ್ಯಾನೇಜರ್ ಸೋಮಾರಿತನ. ಯಾವ ಮೀಟಿಂಗ್, ಯಾವ ದಿನ, ಏನು ಬೇರೆ ಥರ ಆಗಬೇಕಿತ್ತು ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ.

ಬ್ಯಾಡಗಿ_ಕೆಂಪು

ಮೇಡಂ, ಇದನ್ನು ಏಳು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಒಳ್ಳೆ ಕೆಲಸ ಮಾಡಿದರೆ ತಾನಾಗೇ ಕಾಣುತ್ತದೆ ಅಂತ ನಮ್ಮ ಮೇಷ್ಟ್ರು ಹೇಳಿದ್ದರು. ನಮ್ಮ ಕೆಲಸ ನಾವೇ ಹೇಳಿಕೊಂಡರೆ ಜಂಬ ಅನ್ನಿಸೋದಿಲ್ವಾ?

ಕಾಫಿತೋಟ

ನಡೆದದ್ದನ್ನು ನಡೆದಷ್ಟೇ ಹೇಳಿದರೆ ಅದರಲ್ಲಿ ಜಂಬ ಎಲ್ಲಿ ಬಂತು? ಇಲ್ಲಿ ಬರೆದ ಮೊದಲ ಪೋಸ್ಟ್ ನೋಡಿಕೊಳ್ಳಿ. ಎಷ್ಟು ಗಂಟೆಗೆ ಫೋನ್ ಬಂತು, ಏನು ಸಿಕ್ಕಿತು, ಏನು ಸರಿಮಾಡಿದಿರಿ, ಎಲ್ಲಾ ಇದೆ. ಒಂದು ಮಾತೂ ಜಾಸ್ತಿ ಇಲ್ಲ. ಹಾಗೇ ಬರೀರಿ.

ವಾರ್ಡಿನ_ದೀಪ

ನಾನು ಸಾಫ್ಟ್‌ವೇರ್ ಅಲ್ಲ, ಮಂಗಳೂರಿನಲ್ಲಿ ಐಸಿಯು ನರ್ಸ್. ಆದರೂ ಬರೆಯಬೇಕು ಅನ್ನಿಸಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ರಾತ್ರಿ ಡಾಕ್ಟರಿಗೆ ಫೋನ್ ಮಾಡಲು ನನ್ನ ಕೈ ನಡುಗುತ್ತಿತ್ತು. ಇಂಗ್ಲಿಷ್ ಬೇರೆ. "ಸರ್, ಪೇಶೆಂಟ್ ಸ್ವಲ್ಪ ಸರಿ ಇಲ್ಲ ಅನ್ನಿಸುತ್ತೆ" ಅನ್ನುತ್ತಿದ್ದೆ. ಅವರಿಗೆ ಸಿಟ್ಟು ಬರುತ್ತಿತ್ತು, ನನಗೆ ಅಳು ಬರುತ್ತಿತ್ತು. ಆಮೇಲೆ ನಮ್ಮ ಸಿಸ್ಟರ್ ಇನ್‌ಚಾರ್ಜ್ ಎಸ್‌ಬಾರ್ ಕಲಿಸಿದರು. ನಾಲ್ಕೇ ಮಾತು: ಈಗ ಏನಾಗಿದೆ, ಹಿನ್ನೆಲೆ ಏನು, ನಾನು ಏನು ನೋಡಿದೆ, ನಿಮ್ಮಿಂದ ಏನು ಬೇಕು. ಇದು ಮೊದಲು ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಲ್ಲಿ ಬಳಕೆಯಲ್ಲಿತ್ತಂತೆ, ಅಲ್ಲಿಂದ ಆಸ್ಪತ್ರೆಗಳಿಗೆ ಬಂತು.

ಈಗ ಫೋನ್ ಎತ್ತಿದರೆ ಹೀಗೆ ಹೇಳುತ್ತೇನೆ. "ಬೆಡ್ ಆರು, ಆಕ್ಸಿಜನ್ ಸ್ಯಾಚುರೇಶನ್ 86ಕ್ಕೆ ಇಳಿದಿದೆ. ನಿನ್ನೆ ಹೊಟ್ಟೆ ಆಪರೇಷನ್ ಆಗಿದೆ. ಉಸಿರು ನಿಮಿಷಕ್ಕೆ 32, ಮಾಸ್ಕ್‌ನಲ್ಲಿ ಆಕ್ಸಿಜನ್ ಕೊಟ್ಟರೂ ಏರುತ್ತಿಲ್ಲ. ನೀವು ಈಗಲೇ ಬಂದು ನೋಡಬೇಕು." ಇಷ್ಟು ಹೇಳಲು ಹದಿನೈದು ಸೆಕೆಂಡ್. ಫೋನ್ ಮಾಡುವ ಮೊದಲು ಅಂಗೈ ಮೇಲೆ ನಂಬರ್ ಬರೆದುಕೊಳ್ಳುತ್ತಿದ್ದೆ. ಈಗ ಬೇಕಾಗುವುದಿಲ್ಲ. ನನ್ನ ಇಂಗ್ಲಿಷ್ ಆಗ ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ಆದರೆ ಮೊದಲ ಮಾತು ಯಾವುದು ಅಂತ ಹುಡುಕುವ ಕಷ್ಟ ಹೋಯಿತು.

ಬ್ಯಾಡಗಿ_ಕೆಂಪು

ಅಕ್ಕಾ, ಇದನ್ನು ಬರೆದಿಟ್ಟುಕೊಂಡೆ.

ರನ್‌ವೇ_ಪಕ್ಕ

ನರ್ಸ್ ಮೇಡಂ ಹೇಳಿದ್ದನ್ನು ಓದಿ ನಮ್ಮ ಕ್ಷೇತ್ರದ ವಿಷಯ ನೆನಪಾಯಿತು. ನಾನು ವಿಮಾನ ನಿರ್ವಹಣೆಯಲ್ಲಿ ಇದ್ದೇನೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ರನ್‌ವೇ ಮೇಲೆ ಎರಡು ಬೋಯಿಂಗ್ 747 ಡಿಕ್ಕಿ ಹೊಡೆದವು. 583 ಜನ ಸತ್ತರು. ದಟ್ಟ ಮಂಜು. ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ಟೇಕಾಫ್ ಶುರು ಮಾಡಿದ್ದರು. ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು, ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ವೇನೋ ಅಂತ ಕೇಳಿದರು. ಬಿಟ್ಟಿದೆ ಅಂತ ಕ್ಯಾಪ್ಟನ್ ಗಟ್ಟಿಯಾಗಿ ಹೇಳಿದರು. ಅವರು ಆ ಕಂಪನಿಯ ಅತಿ ಹಿರಿಯ ಪೈಲಟ್‌ಗಳಲ್ಲಿ ಒಬ್ಬರು. ಮಾತು ಅಲ್ಲಿಗೇ ನಿಂತಿತು.

ಇಂಥ ಅಪಘಾತಗಳನ್ನು ನೋಡಿ 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು, ಅಲ್ಲಿಂದ ಸಿಆರ್‌ಎಂ, ಅಂದರೆ ವಿಮಾನ ಸಿಬ್ಬಂದಿ ಒಟ್ಟಾಗಿ ಕೆಲಸ ಮಾಡುವ ತರಬೇತಿ, ಬೆಳೆಯಿತು. ಅದರಲ್ಲಿ ಕಿರಿಯರಿಗೆ ಗಟ್ಟಿಯಾಗಿ ಹೇಳಲು ಕಲಿಸುತ್ತಾರೆ, ಹಿರಿಯರಿಗೆ ಕೇಳಿಸಿಕೊಳ್ಳಲು ಕಲಿಸುತ್ತಾರೆ. ಎರಡನ್ನೂ ಒಟ್ಟಿಗೇ. ಇಲ್ಲಿ ಎಲ್ಲರೂ ಬ್ಯಾಡಗಿಯವರಿಗೆ ಮಾತಾಡಲು ಹೇಳಿಕೊಡುತ್ತಿದ್ದೀರಿ. ಅವರ ಮ್ಯಾನೇಜರ್‌ಗೆ ಕೇಳಿಸಿಕೊಳ್ಳಲು ಯಾರು ಹೇಳಿಕೊಡುತ್ತಾರೆ?

ಜಯನಗರ_4ನೇ_ಬ್ಲಾಕ್

ಒಪ್ಪುತ್ತೇನೆ. ಆದರೆ ಮ್ಯಾನೇಜರ್ ಬದಲಾಗೋದು ನಮ್ಮ ಕೈಯಲ್ಲಿಲ್ಲ, ನಾವು ಬದಲಾಗೋದು ನಮ್ಮ ಕೈಯಲ್ಲಿದೆ. ನನ್ನ ಮಾತು ಅಷ್ಟೇ.

ಎರಡು_ಜಡೆ

ಹೀಗೆ ಹೇಳಿ ಹೇಳಿಯೇ ಹೆಂಗಸರನ್ನು ವರ್ಷಗಟ್ಟಲೆ ಸುಮ್ಮನಿರಿಸಿದ್ದಾರೆ. ನೀವು ಜೋರಾಗಿ ಮಾತಾಡಿ ಅಂದರು, ಮಾತಾಡಿದೆ. ಸಿಡುಕಿ ಅಂದರು. ಮೆಲ್ಲಗೆ ಮಾತಾಡಿದೆ, ಆತ್ಮವಿಶ್ವಾಸ ಇಲ್ಲ ಅಂದರು. ನಮ್ಮ ಟೀಮಿನಲ್ಲಿ ಹನ್ನೊಂದು ಜನ, ನಾವು ಇಬ್ಬರು ಹುಡುಗಿಯರು. ಮೀಟಿಂಗ್ ನೋಟ್ಸ್ ಬರೆಯುವ ಕೆಲಸ ಪ್ರತಿ ಸಲ ನಮ್ಮಿಬ್ಬರಲ್ಲಿ ಒಬ್ಬರಿಗೆ ಬರುತ್ತದೆ. ಯಾರದ್ದೋ ಬರ್ತ್‌ಡೇ ಕೇಕ್ ತರಿಸುವುದೂ ನಾವೇ. ಬರೆಯುತ್ತಾ ಕೂತವರು ಚರ್ಚೆ ಮಾಡುವುದು ಹೇಗೆ?

ಹೆರಿಗೆ ರಜೆಯನ್ನು 2017ರ ಕಾನೂನು ತಿದ್ದುಪಡಿ 26 ವಾರಕ್ಕೆ ಏರಿಸಿತ್ತು, ರಜೆ ಕೊಟ್ಟರು. ವಾಪಸ್ ಬಂದ ಮೇಲೆ "ಈ ವರ್ಷ ನಿಮ್ಮ ಕೆಲಸ ಅಷ್ಟಾಗಿ ಕಾಣಲಿಲ್ಲ" ಅಂದರು. ಮುಖ್ಯವಾದ ತೀರ್ಮಾನಗಳೆಲ್ಲ ಸಂಜೆ ಏಳರ ಕಾಲ್‌ನಲ್ಲಿ. ಆ ಹೊತ್ತಿಗೆ ಮಗು ನನ್ನ ತೊಡೆ ಮೇಲೆ ಇರುತ್ತಿತ್ತು.

ಒಂದು ಬದಲಾವಣೆ ಮಾತ್ರ ಮಾಡಿಸಿದೆವು. ನೋಟ್ಸ್ ಬರೆಯುವುದಕ್ಕೆ ಹೆಸರಿನ ಪ್ರಕಾರ ಸರದಿ ಹಾಕಿಸಿದೆವು. ಎರಡನೇ ವಾರ ಒಬ್ಬ ಸೀನಿಯರ್ ಬರೆದರು. ಮೂರು ಸಲ "ಒಂದು ನಿಮಿಷ ನಿಲ್ಲಿಸಿ, ಇದನ್ನು ಯಾರು ಹೇಳಿದ್ದು?" ಅಂತ ಕೇಳಿದರು. ಯಾರ ಐಡಿಯಾ ಯಾರದು ಅಂತ ಅವತ್ತು ಮೊದಲ ಸಲ ದಾಖಲಾಯಿತು.

ಕೇಳದ_ಕಿವಿ

ಎಡಗಿವಿ ಪೂರ್ತಿ ಕೇಳುವುದಿಲ್ಲ, ಬಲಗಿವಿಗೆ ಮಷಿನ್ ಇದೆ. ಟೆಸ್ಟಿಂಗ್‌ನಲ್ಲಿ ಕೆಲಸ. ನನ್ನ ಅನುಭವವನ್ನೂ ಸೇರಿಸುತ್ತೇನೆ.

ಆನ್‌ಲೈನ್ ಮೀಟಿಂಗ್‌ನಲ್ಲಿ ಕ್ಯಾಪ್ಶನ್ ಹಾಕಿಕೊಂಡು ಓದುತ್ತೇನೆ. ಇಂಗ್ಲಿಷ್ ಇದ್ದಾಗ ಪರವಾಗಿಲ್ಲ. ಮಧ್ಯದಲ್ಲಿ ಕನ್ನಡ, ಹಿಂದಿ ಬೆರೆತ ತಕ್ಷಣ ಪರದೆ ಮೇಲೆ ಏನೇನೋ ಅಕ್ಷರ ಬರುತ್ತವೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರದು ಯಾವುದು ಗೊತ್ತಾಗುವುದಿಲ್ಲ. ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ಓದಲು ಆಗುವುದಿಲ್ಲ. ನಾನು ಕೇಳಿಕೊಂಡಿದ್ದು ಮೂರೇ. ಒಬ್ಬೊಬ್ಬರಾಗಿ ಮಾತಾಡಿ, ಕ್ಯಾಮೆರಾ ಹಾಕಿ ಬೆಳಕಿಗೆ ಮುಖ ಮಾಡಿ, ತೀರ್ಮಾನ ಆದದ್ದನ್ನು ಚಾಟ್‌ನಲ್ಲಿ ಒಂದು ಸಾಲು ಬರೆಯಿರಿ.

ಚಾಟ್‌ನಲ್ಲಿ ಬರೆಯುವುದು ಶುರುವಾದ ಮೇಲೆ ಕೇಳಿಸುವವರೇ ಬಂದು ನನಗೆ ಥ್ಯಾಂಕ್ಸ್ ಹೇಳಿದರು. ಅರ್ಧ ಜನರಿಗೆ ಏನು ತೀರ್ಮಾನ ಆಯಿತು ಅನ್ನುವುದೇ ಗೊತ್ತಾಗುತ್ತಿರಲಿಲ್ಲವಂತೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಹೆಸರಿಸಿದ್ದಾರೆ. ಸಮಾನ ಅವಕಾಶದ ನೀತಿಯನ್ನು ಸಂಸ್ಥೆಗಳು ಪ್ರಕಟಿಸಬೇಕು ಅಂತಲೂ ಅದರಲ್ಲಿ ಇದೆ, ಖಾಸಗಿಯವರಿಗೂ ಸೇರಿ. ನಿಮ್ಮ ಎಚ್ಆರ್ ಹತ್ತಿರ ಆ ಕಾಗದ ತೋರಿಸಿ ಅಂತ ಕೇಳಿ ನೋಡಿ.

ಕಾಫಿತೋಟ

ಕಿಟಕಿ ವಿಷಯ ನನ್ನ ತಲೆಗೆ ಯಾವತ್ತೂ ಬಂದಿರಲಿಲ್ಲ. ನಾನು ದಿನಾ ಕಿಟಕಿಗೆ ಬೆನ್ನು ಹಾಕಿಯೇ ಕೂರುತ್ತೇನೆ. ನಾಳೆಯಿಂದ ಕುರ್ಚಿ ತಿರುಗಿಸುತ್ತೇನೆ.

ಪೀಣ್ಯ_2ನೇ_ಹಂತ

ಐಟಿಯವರು ಭಾಷೆ ಭಾಷೆ ಅಂತ ತಲೆ ಕೆಡಿಸಿಕೊಂಡಿದ್ದೀರಿ. ನಮ್ಮ ಶಾಪ್ ಫ್ಲೋರ್‌ಗೆ ಬನ್ನಿ. ಕನ್ನಡ, ತಮಿಳು, ಒಡಿಯಾ, ಹಿಂದಿ, ಬಂಗಾಳಿ ಎಲ್ಲರೂ ಇದ್ದಾರೆ. ಬೆಳಿಗ್ಗೆ ಹತ್ತು ನಿಮಿಷ ಟೂಲ್‌ಬಾಕ್ಸ್ ಟಾಕ್, ಅಂದರೆ ಕೆಲಸಕ್ಕೆ ಮುಂಚೆ ಸುರಕ್ಷತೆಯ ಮಾತು. ಪ್ರೆಸ್ ಮಷಿನ್ ಮುಂದೆ ನಿಂತು ಗಾರ್ಡ್ ಎತ್ತಿ ತೋರಿಸುತ್ತೇನೆ, ಇಳಿಸಿ ತೋರಿಸುತ್ತೇನೆ. ಆಮೇಲೆ ಅರ್ಥ ಆಯ್ತಾ ಅಂತ ಕೇಳುವುದಿಲ್ಲ. ಅರ್ಥ ಆಯ್ತಾ ಅಂದರೆ ಎಲ್ಲರೂ ಹೂಂ ಅಂತಾರೆ. "ನೀನು ಮಾಡಿ ತೋರಿಸು" ಅನ್ನುತ್ತೇನೆ. ಹೊಸಬನಿಂದಲೇ ಮಾಡಿಸುತ್ತೇನೆ. ಕೈಬೆರಳಿನ ಪ್ರಶ್ನೆ, ಇದರಲ್ಲಿ ನಾಚಿಕೆಗೆ ಜಾಗ ಕೊಟ್ಟರೆ ಆಗುವುದಿಲ್ಲ.

ಮಂಡ್ಯ_ಟು_ಮ್ಯೂನಿಕ್

ಪೀಣ್ಯದವರ ಹೂಂ ಓದಿ ನನ್ನ ಮೊದಲ ವರ್ಷ ನೆನಪಾಯಿತು. ನಾವು ಯಾರಾದರೂ ಮಾತಾಡುತ್ತಿದ್ದರೆ ಹ್ಞೂಂ, ಹ್ಞೂಂ ಅಂತೀವಿ ಅಲ್ವಾ? ಕೇಳ್ತಾ ಇದ್ದೀನಿ ಅಂತ ಅರ್ಥ. ಜರ್ಮನ್ ಸಹೋದ್ಯೋಗಿ ಅದನ್ನು ಒಪ್ಪಿಗೆ ಅಂತ ತಿಳಿದು, ನಾನು ಒಪ್ಪದ ಡೆಡ್‌ಲೈನ್ ನನ್ನ ಹೆಸರಿಗೆ ಬರೆದ. ಪಕ್ಕಕ್ಕೆ ತಲೆಯಾಡಿಸಿದ್ದು ಇನ್ನೊಂದು ಗೊಂದಲ. ಈಗ "ಕೇಳಿಸಿಕೊಂಡೆ, ನಾಳೆ ಹೇಳುತ್ತೇನೆ" ಅಂತ ಬಾಯಿಬಿಟ್ಟು ಹೇಳುತ್ತೇನೆ.

ಇನ್ನೊಂದು, "ಡೌಟ್" ಪದ. ನಮ್ಮಲ್ಲಿ ಡೌಟ್ ಅಂದರೆ ಪ್ರಶ್ನೆ. ಹೊರಗಿನವರಿಗೆ ಅದು ನಿಮ್ಮ ಮಾತಲ್ಲಿ ನಂಬಿಕೆ ಇಲ್ಲ ಅಂತ ಕೇಳಿಸುತ್ತದೆ. ಪ್ರಶ್ನೆ ಇದೆ ಅನ್ನಿ, ಅಷ್ಟೇ ಸಾಕು.

ಇಲ್ಲಿಯ ಜನ ಜರ್ಮನ್ ಧಾಟಿಯಲ್ಲೇ ಇಂಗ್ಲಿಷ್ ಮಾತಾಡುತ್ತಾರೆ. ವ್ಯಾಕರಣ ತಪ್ಪಾಗುತ್ತದೆ. ಪದ ಸಿಗದಿದ್ದರೆ ನಿಲ್ಲುತ್ತಾರೆ, ಪಕ್ಕದವರನ್ನು ಕೇಳುತ್ತಾರೆ, ಮುಂದುವರಿಸುತ್ತಾರೆ. ನಾಲ್ಕು ಸೆಕೆಂಡ್ ಮೌನ ಆದರೂ ಯಾರೂ ಮಧ್ಯೆ ಬಾಯಿ ಹಾಕುವುದಿಲ್ಲ. ಬ್ಯಾಡಗಿಯವರ ಎರಡು ಸೆಕೆಂಡ್ ಓದಿದಾಗ ನನಗೆ ಅದೇ ಹೊಟ್ಟೆಗೆ ನಾಟಿತು. "ಎಗ್" ಅನ್ನುವುದನ್ನು "ಯೆಗ್" ಅಂದರೆ ಏನು ಮುಳುಗುತ್ತದೆ? ನಮ್ಮ ನಾಲಿಗೆಗೆ ನಮ್ಮ ಮಣ್ಣಿನ ಗುಣ ಇರುತ್ತದೆ.

ಜಯನಗರ_4ನೇ_ಬ್ಲಾಕ್

ನಮ್ಮ ಮಣ್ಣಿನ ಗುಣ ಅಂತ ಕೂತರೆ ಅಮೆರಿಕದ ಕ್ಲೈಂಟ್ ಅರ್ಥಮಾಡಿಕೊಳ್ಳಬೇಕಲ್ಲ ಸ್ವಾಮಿ.

ಮಂಡ್ಯ_ಟು_ಮ್ಯೂನಿಕ್

ನಿಧಾನವಾಗಿ ಮಾತಾಡಿದರೆ ಅರ್ಥ ಆಗುತ್ತದೆ. ನಾವು ಹೆದರಿಕೆಗೆ ವೇಗ ಜಾಸ್ತಿ ಮಾಡುತ್ತೇವೆ, ಅದಕ್ಕೇ ಅವರಿಗೆ ತಿಳಿಯುವುದಿಲ್ಲ. ಧಾಟಿ ಬಿಡಿ, ವೇಗ ಇಳಿಸಿ.

ಕೌಂಟರ್_ನಂಬರ್_3

ಹಿಂದಿ ವಿಷಯಕ್ಕೆ ಬರುತ್ತೇನೆ. ಸಂವಿಧಾನದ 343ನೇ ವಿಧಿಯಲ್ಲಿ ಹಿಂದಿ ಕೇಂದ್ರದ ಆಡಳಿತ ಭಾಷೆ ಅಂತ ಇದೆ. ರಾಷ್ಟ್ರಭಾಷೆ ಅಂತ ಯಾವ ಭಾಷೆಯನ್ನೂ ಹೇಳಿಲ್ಲ. ಹಾಗಾಗಿ "ನನಗೆ ಹಿಂದಿ ಬರಲ್ಲ, ಇಂಗ್ಲಿಷ್‌ನಲ್ಲಿ ಹೇಳಿ" ಅನ್ನಲು ಯಾರೂ ಸಂಕೋಚಪಡಬೇಕಿಲ್ಲ.

ಇನ್ನೊಂದು ಮುಖವನ್ನೂ ಹೇಳಬೇಕು. ನಾನು ಗದಗ ಕಡೆ ಒಂದು ಬ್ಯಾಂಕ್ ಶಾಖೆಯಲ್ಲಿ ಇದ್ದಾಗ ಒಡಿಶಾದ ಹುಡುಗಿ ಆಫೀಸರ್ ಆಗಿ ಬಂದಳು. ಕನ್ನಡ ಒಂದಕ್ಷರ ಬರದು. ಮೊದಲ ವಾರ ರೈತರು ಬೈದರು, ಅವಳು ಸ್ಟ್ರಾಂಗ್ ರೂಮಿನ ಪಕ್ಕ ನಿಂತು ಅತ್ತಳು. ನಮ್ಮ ಅಟೆಂಡರ್ ಒಬ್ಬರು, ನಿವೃತ್ತಿಗೆ ಎರಡು ವರ್ಷ ಇದ್ದವರು, ಹಳೇ ಚಲನ್ ಹಿಂಭಾಗದಲ್ಲಿ ದಿನಕ್ಕೆ ಐದು ವಾಕ್ಯ ಬರೆದುಕೊಟ್ಟರು. "ಕೂತ್ಕೋರಿ." "ಪಾಸ್‌ಬುಕ್ ತಂದೀರೇನು?" "ಇಲ್ಲಿ ಸಹಿ ಮಾಡ್ರಿ." ಅವಳು ಅದನ್ನು ಒಡಿಯಾ ಅಕ್ಷರದಲ್ಲಿ ಬರೆದುಕೊಂಡು ಕೌಂಟರಿನ ಗಾಜಿಗೆ ಒಳಗಿನಿಂದ ಅಂಟಿಸಿದಳು. ಎಂಟು ತಿಂಗಳಿಗೆ ಬೆಳೆ ಸಾಲದ ಲೆಕ್ಕವನ್ನು ಗದಗದ ಕನ್ನಡದಲ್ಲೇ ಬಿಡಿಸಿ ಹೇಳುತ್ತಿದ್ದಳು. ಅವಳನ್ನು ಕೇಳಿಕೊಂಡೇ ಬರುವ ಅಜ್ಜಂದಿರು ಇದ್ದರು. ಹೊರಗಿನವರಿಗೆ ಕನ್ನಡ ಕಲಿಯಿರಿ ಅನ್ನುವ ನಾವು ಎಷ್ಟು ಜನ ಚಲನ್ ಹಿಂದೆ ಬರೆದುಕೊಟ್ಟಿದ್ದೇವೆ?

ಸಂಪಿಗೆ_ರಸ್ತೆ

ಓದಿ ಕಣ್ಣು ತುಂಬಿತು. ಆ ಅಟೆಂಡರ್ ದೊಡ್ಡವರು.

ಬ್ಯಾಡಗಿಯವರು ಹೇಳಿದ "ಹೌದ್ರೀ" ಆಡಿಕೊಳ್ಳುವ ವಿಷಯ ಯಾರೂ ಎತ್ತಲಿಲ್ಲ. ನಾನು ಎತ್ತುತ್ತೇನೆ. ಹಿಂದಿಯವರು ನಮ್ಮನ್ನು ಒಳಗೆ ಬಿಡುವುದಿಲ್ಲ ಅಂತ ದೂರುವ ನಾವು, ಚಹಾ ಅಂಗಡಿ ಮುಂದೆ ನಮ್ಮವರನ್ನೇ ಹೊರಗೆ ನಿಲ್ಲಿಸುತ್ತೇವೆ. ಹುಬ್ಬಳ್ಳಿ ಕನ್ನಡ ಒರಟು, ಕುಂದಾಪುರದ್ದು ತಮಾಷೆ, ಕೋಲಾರದ್ದು ತೆಲುಗು, ಕಲಬುರಗಿಯದ್ದು ಉರ್ದು. ಹಾಗಾದರೆ ಸರಿಯಾದ ಕನ್ನಡ ಯಾರ ಮನೆಯದ್ದು?

ಊಟದ ಟೇಬಲ್ಲಿನಲ್ಲೂ ಇದೇ. "ನಿಮ್ಮದು ಯಾವ ಕಡೆ?" ಅಂತ ಶುರುವಾಗುತ್ತದೆ. ಊರು ಹೇಳಿದರೆ ಸಾಲದು. "ಅಲ್ಲಿ ಯಾರ ಪೈಕಿ?" ಅಂತಾರೆ. ಆಮೇಲೆ ಡಬ್ಬಿಯೊಳಗೆ ಇಣುಕುತ್ತಾರೆ. ನನ್ನ ಜೊತೆ ಸೇರಿದ ಒಬ್ಬ ಹುಡುಗ ಮೊದಲ ತಿಂಗಳು ಎಲ್ಲರ ಜೊತೆ ಉಣ್ಣುತ್ತಿದ್ದ. ಯಾರೋ ಮೈಕ್ರೋವೇವ್ ವಾಸನೆ ಅಂತ ಮೂಗು ಮುಚ್ಚಿಕೊಂಡರು. ಎರಡನೇ ತಿಂಗಳಿಂದ ಅವನು ಒಬ್ಬನೇ ಮೆಟ್ಟಿಲ ಹತ್ತಿರ ಉಣ್ಣತೊಡಗಿದ. ಯಾವ ಪ್ರಾಜೆಕ್ಟ್ ಬರುತ್ತಿದೆ, ಯಾರು ಬಿಡುತ್ತಿದ್ದಾರೆ, ಯಾರನ್ನು ಕೇಳಬೇಕು, ಇದೆಲ್ಲ ತಿಳಿಯುವುದು ಊಟದ ಹೊತ್ತಿನಲ್ಲೇ. ಅವನಿಗೆ ಅದೆಲ್ಲ ತಪ್ಪಿತು. ಕೊನೆಗೆ ಅವನಿಗೂ ಕಮ್ಯುನಿಕೇಶನ್ ಕಡಿಮೆ ಅಂತಲೇ ಬರೆದರು.

ಜಯನಗರ_4ನೇ_ಬ್ಲಾಕ್

ಸಂಪಿಗೆ ರಸ್ತೆಯವರೇ, ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. "ಬರ್ರೀ" ಅಂತ ನಾನೂ ಆಡಿಕೊಂಡಿದ್ದೇನೆ, ಧಾರವಾಡದ ಒಬ್ಬ ಗೆಳೆಯನನ್ನು. ಅವನೂ ನಗುತ್ತಿದ್ದ. ಈಗ ಯೋಚಿಸಿದರೆ ಅವನು ನಮ್ಮ ಜೊತೆ ಬರುವುದು ಕಡಿಮೆ ಮಾಡಿದ್ದು ಆಮೇಲೆಯೇ. ಇವತ್ತು ಫೋನ್ ಮಾಡುತ್ತೇನೆ.

ಹಸಿರು_ಹಳದಿ_ಕೆಂಪು

ಅಭ್ಯಾಸಕ್ಕೆ ಜಾಗ ಬೇಕು ಅನ್ನುವವರಿಗೆ ಟೋಸ್ಟ್‌ಮಾಸ್ಟರ್ಸ್ ನೋಡಿ. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಸಂಸ್ಥೆ, ಬೆಂಗಳೂರಲ್ಲಿ ಬೇಕಾದಷ್ಟು ಕ್ಲಬ್ ಇವೆ. ಐದರಿಂದ ಏಳು ನಿಮಿಷದ ಭಾಷಣ. ಐದಕ್ಕೆ ಹಸಿರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ನೀವು ಎಷ್ಟು ಸಲ "ಆ... ಆ..." ಅಂದಿರಿ ಅಂತ ಎಣಿಸಲು ಒಬ್ಬರು ಇರುತ್ತಾರೆ. ನನ್ನ ಮೊದಲ ಭಾಷಣದಲ್ಲಿ 41 ಬಂತು. ಹತ್ತನೆಯದರಲ್ಲಿ 6. ತಪ್ಪಿದರೆ ಸಂಬಳಕ್ಕೆ ಹೊಡೆತ ಬೀಳದ ಜಾಗದಲ್ಲಿ ತಪ್ಪುವುದು ಬಹಳ ಮುಖ್ಯ.

ಒಗ್ಗರಣೆ_ಡಬ್ಬಿ

ವಿಷಯ ಬಿಟ್ಟು ಕೇಳುತ್ತಿದ್ದೇನೆ, ಕ್ಷಮಿಸಿ. ಬ್ಯಾಡಗಿಯವರೇ, ಸಾರಿನ ಪುಡಿಗೆ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಕಡ್ಡಿ ಒಳ್ಳೇದಾ, ಡಬ್ಬಿ ಒಳ್ಳೇದಾ?

ಬ್ಯಾಡಗಿ_ಕೆಂಪು

ಕಡ್ಡಿ ಉದ್ದ, ಸಣ್ಣ, ಸುಕ್ಕು ಜಾಸ್ತಿ. ಡಬ್ಬಿ ಗಿಡ್ಡ, ದಪ್ಪ. ನಮ್ಮ ಮನೆಯಲ್ಲಿ ಪುಡಿಗೆ ಎರಡನ್ನೂ ಬೆರೆಸುತ್ತಾರೆ. ಬಣ್ಣ ಬೇಕು, ಖಾರ ಬೇಡ ಅನ್ನುವವರಿಗೆ ಎರಡೂ ಆಗುತ್ತದೆ.

ನೀವು ಕೇಳಿದ್ದು ಒಳ್ಳೇದಾಯಿತು. ನಮ್ಮಪ್ಪ ನೆನಪಾದರು. ಓದಿದ್ದು ಏಳನೇ ತರಗತಿ. ಮನೆಯಲ್ಲಿ ಮಾತೇ ಕಡಿಮೆ. ಆದರೆ ಮಾರ್ಕೆಟ್‌ನಲ್ಲಿ ಅವರೇ ಬೇರೆ ಮನುಷ್ಯ. ಖರೀದಿದಾರ ಬಂದರೆ ತಮ್ಮ ಮಾಲು ಹೊಗಳುತ್ತಾ ಕೂರುವುದಿಲ್ಲ. ಚೀಲದ ಬಾಯಿ ಬಿಚ್ಚುತ್ತಾರೆ. ಮೇಲಿನದನ್ನು ಸರಿಸಿ ಒಳಗಿನಿಂದ ಒಂದು ಹಿಡಿ ತೆಗೆಯುತ್ತಾರೆ. ಒಂದು ಕಾಯಿ ಮುರಿದು ಹೆಬ್ಬೆರಳಿನಲ್ಲಿ ತಿಕ್ಕಿ, ಬಣ್ಣ ಹತ್ತಿದ ಬೆರಳನ್ನು ಅವನ ಕಣ್ಣಿಗೆ ಹಿಡಿಯುತ್ತಾರೆ. ಆಮೇಲೆ ದರ ಹೇಳಿ ಸುಮ್ಮನಾಗುತ್ತಾರೆ. ಎದುರಿನವರು ಎಷ್ಟೇ ಮಾತಾಡಲಿ, ಆ ಮೌನ ಬಿಟ್ಟುಕೊಡುವುದಿಲ್ಲ.

ನಾನು ಅವರ ಪಕ್ಕ ಚೀಲದ ಮೇಲೆ ಕೂತು ಇದನ್ನು ಎಷ್ಟೋ ಸಲ ನೋಡಿದ್ದೇನೆ.

ವಾರ್ಡಿನ_ದೀಪ

ತಮ್ಮಾ, ನಿಮಗೆ ಕ್ಲಾಸ್ ಯಾಕೆ ಬೇಕು? ಪಾಠ ಮನೆಯಲ್ಲೇ ಆಗಿದೆ.

ಬ್ಯಾಡಗಿ_ಕೆಂಪು

ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಮ್ಯಾನೇಜರ್ ಜೊತೆ ಒನ್ ಆನ್ ಒನ್ ಕೇಳಿದೆ. ಕಾಫಿತೋಟ ಮೇಡಂ ಹೇಳಿದ ಹಾಗೆ, ಯಾವ ಮೀಟಿಂಗ್, ಯಾವ ದಿನ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಫೆಬ್ರವರಿಯ ಕಾಲ್ ಅಂದರು. ನಾನು ಲ್ಯಾಪ್‌ಟಾಪ್ ತಿರುಗಿಸಿ ರಾತ್ರಿ ಎರಡೂವರೆಯ ಮೆಸೇಜ್, ಮೂರೂವರೆಗೆ ಮಾಡಿದ ಕೋಡ್ ಕಮಿಟ್ ತೋರಿಸಿದೆ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಎರಡು ಸಲ ಓದಿದರು. ಈ ವರ್ಷದ ರೇಟಿಂಗ್ ಬದಲಾಗುವುದಿಲ್ಲ ಅಂತಲೂ ಹೇಳಿದರು. ಬೇಜಾರಾಯಿತು, ಆದರೆ ಮುಚ್ಚಿಡದೆ ಹೇಳಿದ್ದು ಸಮಾಧಾನ.

ಹಿಂದಿ ವಿಷಯವನ್ನೂ ಹೇಳಿದೆ. ಆ ವಾರದ ಮೀಟಿಂಗ್‌ನಲ್ಲಿ ಮಾತು ಹಿಂದಿಗೆ ಜಾರಿದಾಗ ಅವರೇ ನಿಲ್ಲಿಸಿದರು. ಮುಂದಿನ ವಾರ ಮರೆತರು. ನಾನು ಕೈ ಎತ್ತುವ ಬಟನ್ ಒತ್ತಿ ನೆನಪಿಸಿದೆ. ಟೀಮಿನ ಒಬ್ಬಳು ಮಲಯಾಳಿ ಹುಡುಗಿ ಆಮೇಲೆ ಮೆಸೇಜ್ ಹಾಕಿದಳು, ಅವಳಿಗೂ ಹಿಂದಿ ಬರುವುದಿಲ್ಲವಂತೆ. ಎರಡು ವರ್ಷದಿಂದ ಪಕ್ಕದ ಸೀಟಿನಲ್ಲಿದ್ದಾಳೆ, ನನಗೆ ಗೊತ್ತಿರಲಿಲ್ಲ.

ನಾಳೆ ಹನ್ನೊಂದಕ್ಕೆ ಕ್ಲೈಂಟ್ ಎದುರು ಮೊದಲ ಸಲ ನಾನೇ ಪೂರ್ತಿ ಹೇಳಬೇಕು. ಅಕ್ಕ ಹೇಳಿದ ನಾಲ್ಕು ಮಾತಿನ ಲೆಕ್ಕದಲ್ಲಿ ಬರೆದುಕೊಂಡಿದ್ದೇನೆ. ಕನ್ನಡದಲ್ಲಿ ಹಾಕುತ್ತಿದ್ದೇನೆ, ನೋಡಿ ಹೇಳಿ.

"ರಾತ್ರಿಯ ಬ್ಯಾಚ್ ಜಾಬ್ ಈಗ ನಾಲ್ಕು ಗಂಟೆ ಓಡುತ್ತಿದೆ. ಶುರುವಿನಲ್ಲಿ ಒಂದು ಗಂಟೆ ಸಾಕಾಗುತ್ತಿತ್ತು, ಡೇಟಾ ಬೆಳೆದಿದೆ. ಸಮಯ ಹೋಗುತ್ತಿರುವುದು ಒಂದೇ ಕ್ವೆರಿಯಲ್ಲಿ, ಅದಕ್ಕೆ ಇಂಡೆಕ್ಸ್ ಇಲ್ಲ. ಇಂಡೆಕ್ಸ್ ಹಾಕಿದರೆ ಬಹುಶಃ ಎರಡು ಗಂಟೆಯೊಳಗೆ ಮುಗಿಯಬಹುದೇನೋ ಅನ್ನಿಸುತ್ತದೆ, ನೀವು ಒಪ್ಪಿದರೆ ಶನಿವಾರ ರಾತ್ರಿ ಹಾಕುತ್ತೇನೆ."

ವಾರ್ಡಿನ_ದೀಪ

ಚೆನ್ನಾಗಿದೆ. ಹೇಳಿದ ಮೇಲೆ ನಿಲ್ಲಿಸಿ, ಅಪ್ಪನ ಹಾಗೆ.

ಕಾಫಿತೋಟ

ಕೊನೇ ಸಾಲಲ್ಲಿ "ಬಹುಶಃ", "ಬಹುದೇನೋ", "ಅನ್ನಿಸುತ್ತದೆ", ಮೂರೂ ಇವೆ. ಟೆಸ್ಟ್ ಮಾಡಿ ನೋಡಿದ್ದೀರಾ?

ಬ್ಯಾಡಗಿ_ಕೆಂಪು

ನೋಡಿದ್ದೇನೆ ಮೇಡಂ. ಮೂರು ಸಲ ಓಡಿಸಿದೆ. ಮೂರು ಸಲವೂ 1 ಗಂಟೆ 50 ನಿಮಿಷದೊಳಗೆ ಮುಗಿಯಿತು.

ಕಾಫಿತೋಟ

ಹಾಗಾದ್ರೆ ಅದನ್ನೇ ಬರೀರಿ.

ಬ್ಯಾಡಗಿ_ಕೆಂಪು

ತಿದ್ದಿದೆ. "ಇಂಡೆಕ್ಸ್ ಹಾಕಿ ಮೂರು ಸಲ ಓಡಿಸಿ ನೋಡಿದ್ದೇನೆ, 1 ಗಂಟೆ 50 ನಿಮಿಷದೊಳಗೆ ಮುಗಿಯುತ್ತದೆ. ನೀವು ಒಪ್ಪಿದರೆ ಶನಿವಾರ ರಾತ್ರಿ ಹಾಕುತ್ತೇನೆ."